ಎಡಗೈಯ ತುತ್ತು

ಪರಮಪೂಜ್ಯ ಶ್ರೀ ಮೌನಲಿಂಗ ಅಜ್ಜನವರು ಸಿದ್ದನಕೇರಿಯ ಊರಾಚೆ, ತಗಡು ಹೊದಿಸಿದ ಎರಡಂಕಣದ ಮಠದಲ್ಲಿ ವಾಸವಾಗಿದ್ದರು. ಬಂದವರಿಗೆ ಜೋಳದ ರೊಟ್ಟಿ, ಬೇಳೆ ಸಾರು ಇದ್ದೇ ಇರುತ್ತಿತ್ತು. ಪೂಜ್ಯರೂ ಭಕ್ತರ ಸಾಲಿನಲ್ಲಿಯೇ ಕುಳಿತು ಪ್ರಸಾದ ಸ್ವೀಕರಿಸುತ್ತಿದ್ದರು.

ಒಂದು ಮಧ್ಯಾಹ್ನ ಗುರುಶಾಂತಪ್ಪನವರೆಂಬ ಗೃಹಸ್ಥರು ಮಗಳು ನೀಲಗಂಗಾಳನ್ನು ಕರೆತಂದರು. ಬಸ್ ಕಂಡಕ್ಟರ್ ಆಗಿದ್ದ ಹುಡುಗಿ. ಮೂವತ್ತು ತುಂಬುವ ಮೊದಲೇ ಲಕ್ವ ಹೊಡೆದು ಬಲಭಾಗ ಸ್ವಾಧೀನ ತಪ್ಪಿತ್ತು. ಆಸ್ಪತ್ರೆಯ ಉಪಚಾರದಿಂದ ಕಾಲೆಳೆದು ನಡೆಯುವಷ್ಟಾಗಿತ್ತು. ಮಾತು ತೊದಲುತ್ತಿತ್ತು, ಕೈ ಮಾತ್ರ ಬಂದಿರಲಿಲ್ಲ. ಬಸ್ಸು ತುಂಬ ಮಂದಿಯೊಡನೆ ನಗುನಗುತ್ತ ಮಾತಾಡುತ್ತಿದ್ದವಳು ಈಗ ಒಳಕೋಣೆ ಬಿಟ್ಟು ಬರುತ್ತಿರಲಿಲ್ಲ. ಗೆಳತಿಯರು ಮೊದಮೊದಲು ಬಂದರು, ಆಮೇಲೆ ಅದೂ ನಿಂತಿತು.

ತಾಯತ ಕಟ್ಟಿಸಿ ಕಟ್ಟಿಸಿ ಗುರುಶಾಂತಪ್ಪನವರಿಗೆ ಸ್ವಾಮಿಗಳ ಮೇಲಿನ ನಂಬಿಕೆಯೇ ಹೋಗಿತ್ತು. "ಅಜ್ಜಾರ, ನೀವು ಖರೇನ ದೊಡ್ಡವರಿದ್ರ ಈಕಿ ಕೈ ಎತ್ತಿಸ್ರಿ" ಎಂದು ಒರಟಾಗಿಯೇ ಹೇಳಿದರು.

"ಊಟದ ಹೊತ್ತಾಗೈತಿ, ಬರ್ರಿ" ಎಂದರು ಅಜ್ಜನವರು.

ತಂದೆ ಸಾಲಿನಲ್ಲಿ ಕುಳಿತರು. ಮಗಳು ಹೊರಗೆ ಬೇವಿನ ಕಟ್ಟೆಯ ಮೇಲೆಯೇ ಉಳಿದಳು. ಕಳಿಸಿಕೊಟ್ಟ ತಾಟನ್ನೂ ಮುಟ್ಟಲಿಲ್ಲ.

"ತಂಗಿ ಯಾಕ ಒಳಗ ಬರಲಿಲ್ಲ?" ಎಂದು ಅಜ್ಜನವರು ಕೇಳಿದರು.

"ಎಡಗೈಲೆ ಉಣಬೇಕಲ್ರಿ, ಮಂದಿ ನೋಡ್ತಾರ" ಎಂದು ಗುರುಶಾಂತಪ್ಪನವರು ದನಿ ತಗ್ಗಿಸಿದರು. "ಮನ್ಯಾಗೂ ಒಬ್ಬಾಕೀನ ಉಣ್ತಾಳ. ತಾಟು ಒಳಗ ಇಟ್ಟು ಬಾಗಿಲಾ ಎಳಕೊಂಡು ಬರ್ತೀನ್ರಿ."

ಅಜ್ಜನವರು ತಮ್ಮ ತಾಟು ಎತ್ತಿಕೊಂಡು ಹೊರನಡೆದರು. ನೀಲಗಂಗಾಳ ಎದುರು ಕುಳಿತು, ಬಲಗೈಯನ್ನು ಬೆನ್ನ ಹಿಂದಿಟ್ಟು, ಎಡಗೈಯಿಂದ ರೊಟ್ಟಿ ಮುರಿಯತೊಡಗಿದರು. ರೊಟ್ಟಿ ಮುರಿಯಲಿಲ್ಲ, ತಾಟು ಜಾರಿತು, ಸಾರು ಕಾವಿಯ ಮೇಲೆ ಚೆಲ್ಲಿತು. ಮತ್ತೆ ಪ್ರಯತ್ನಿಸಿದರು. ಆಕೆ ನೋಡುತ್ತಲೇ ಇದ್ದಳು.

"ಹಂ... ಹಂಗಲ್ರಿ ಅಜ್ಜಾರ. ತಾಟಿಗೆ ಮೊಣಕಾಲು ಒ... ಒತ್ತಿ ಹಿಡೀರಿ. ರೊಟ್ಟಿ ಮೊದಲ ಸಾರಿನ್ಯಾಗ ನೆನಸ್ರಿ."

ಆ ಮಾತು ಮುಗಿಯುವವರೆಗೂ ಅಜ್ಜನವರು ಕೈ ಆಡಿಸದೆ ಆಲಿಸಿದರು. ಬಳಿಕ ಹಾಗೆಯೇ ಮಾಡಿ, ಹೇಗೋ ಒಂದು ತುತ್ತು ಬಾಯಿಗಿಟ್ಟುಕೊಂಡರು. ಗಡ್ಡಕ್ಕೆಲ್ಲ ಸಾರು ಮೆತ್ತಿತು. ನೀಲಗಂಗಾ ನಕ್ಕುಬಿಟ್ಟಳು. ನಗುತ್ತಲೇ ತನ್ನ ತಾಟಿಗೆ ಎಡಗೈ ಇಟ್ಟಳು.

ಬಾಗಿಲಲ್ಲಿ ನಿಂತಿದ್ದ ತಂದೆಯ ಕಡೆ ಪೂಜ್ಯರು ತಿರುಗಿದರು.

"ಗುರುಶಾಂತಪ್ಪಾ, ಆಕಿ ಕೈ ಎತ್ತಿಸೂದು ನನ್ನಿಂದ ಆಗೂದಿಲ್ಲ. ನೀ ನಿನ್ನ ತಾಟು ಎತಗೊಂಡು ಬಾ."

ಗುರುಶಾಂತಪ್ಪನವರು ಬಂದು ಮಗಳ ಪಕ್ಕದಲ್ಲಿ ಕುಳಿತರು. "ತಪ್ಪಾತವ್ವಾ" ಎಂದರು. ಆಕೆ ಕುಡಿಯುವ ನೀರಿನ ತಂಬಿಗೆಯನ್ನು ಎಡಗೈಯಿಂದಲೇ ಅವರತ್ತ ಸರಿಸಿದಳು.

ವೈದ್ಯರು ಹೇಳಿದ ವ್ಯಾಯಾಮವನ್ನು ಆಕೆ ಬಿಡದೆ ಮಾಡಿದಳು, ಆದರೂ ಆ ಕೈ ಪೂರ್ತಿ ಬರಲಿಲ್ಲ. ಮುಂದೆ ಬಂಧುಗಳ ಮದುವೆಯೊಂದರಲ್ಲಿ ನೀಲಗಂಗಾ ಎಲ್ಲರೊಡನೆ ಊಟದ ಸಾಲಿಗೆ ಕುಳಿತಳು. ಎಡಕ್ಕಿದ್ದ ಹೆಂಗಸು ಎದ್ದು ಬೇರೆ ಕಡೆ ಹೋದಳು. ಆ ಎಲೆ ಕೊನೆಯವರೆಗೂ ಖಾಲಿಯೇ ಇತ್ತು. ಬಲಕ್ಕೆ ಗುರುಶಾಂತಪ್ಪನವರಿದ್ದರು. ಮಗಳ ಊಟ ನಿಧಾನ. ಸಾಲೆಲ್ಲ ಎದ್ದು ಕೈ ತೊಳೆದು ಹೋದರೂ, ಆಕೆಯ ಕೊನೆಯ ತುತ್ತಿನವರೆಗೆ ಅವರು ಎಲೆ ಬಿಟ್ಟು ಏಳಲಿಲ್ಲ.