ಹಗ್ಗದ ಇನ್ನೊಂದು ತುದಿ

“ಗುರುಗಳೇ, ಕೆಡಿಸಿದ್ದನ್ನು ಮತ್ತೆ ಮುಟ್ಟದೆ ಬಿಟ್ಟರೆ ಅದು ಕಾಲಕ್ಕೆ ತಾನಾಗಿಯೇ ಸರಿಹೋಗುವುದಿಲ್ಲವೇ?” ಎಂದು ಶಿಷ್ಯ ಕೇಳಿದ. ಅವನು ಗೆಳೆಯನೊಬ್ಬನ ಮನಸ್ಸು ನೋಯಿಸಿದ್ದ. ಕ್ಷಮೆ ಕೇಳಲು ಹೋಗಿರಲಿಲ್ಲ.

ಗುರು ನಕ್ಕರು. “ಸರಿಹೋಗುತ್ತದೆ. ಅಲ್ಲಿಯವರೆಗೆ ಕೂತು ಒಂದು ಕತೆ ಕೇಳು.”

ಒಂದು ಕಡಲತೀರದಲ್ಲಿ ಮೀನುಗಾರರ ಕೇರಿಯಿತ್ತು. ಅವರದು ರಂಪಣಿ ಬಲೆ. ದೋಣಿಯಲ್ಲಿ ಒಯ್ದು ಮೀನಿನ ಹಿಂಡಿನ ಸುತ್ತ ಅದನ್ನು ಇಳಿಸುತ್ತಿದ್ದರು. ಆಮೇಲೆ ಕೇರಿಯ ಅರ್ಧ ಜನ ಹಗ್ಗದ ಒಂದು ತುದಿ, ಇನ್ನರ್ಧ ಜನ ಇನ್ನೊಂದು ತುದಿ ಹಿಡಿದು ದಡಕ್ಕೆ ಎಳೆಯುತ್ತಿದ್ದರು. ಎಳೆದವರಿಗೆಲ್ಲ ಪಾಲು. ದಡದ ಹತ್ತಿರದ ಬಂಡೆಸಾಲಿನಲ್ಲಿ ಮಾತ್ರ ಯಾರೂ ಬಲೆ ಹಾಕಬಾರದೆಂಬ ಕಟ್ಟಳೆಯಿತ್ತು.

ಒಬ್ಬ ಮೀನುಗಾರನಿಗೆ ಪಾಲು ಸಾಲದಾಯಿತು. ಸಣ್ಣ ಬಲೆಗೆ ಭಾರ ಕಟ್ಟಿಕೊಂಡು ಒಬ್ಬನೇ ಬಂಡೆಸಾಲಿಗೆ ಹೊರಟ. ಮುದುಕನೊಬ್ಬ ತಡೆದ.

“ಬೇಡ ಮಾರಾಯಾ. ಅದು ಮೀನಿನ ಬಾಣಂತಿ ಕೋಣೆ.”

“ನನ್ನೊಬ್ಬನ ಬಲೆಗೆ ಕಡಲು ಬಡವಾಗ್ತದಾ ಅಜ್ಜ?”

ಬಲೆ ಬಂಡೆಯನ್ನು ಕೆರೆಯಿತು. ಪಾಚಿ ಕಿತ್ತು ಬಂತು, ಅದಕ್ಕೆ ಅಂಟಿದ ಮೊಟ್ಟೆಗಳೂ ಬಂದವು. ಅವನು ಮೀನು ಆರಿಸಿಕೊಂಡು ಉಳಿದದ್ದನ್ನು ಮರಳಿಗೆ ಕೊಡವಿದ. ಕೆಲವು ವರ್ಷ ಅವನ ಬುಟ್ಟಿ ತುಂಬಿತು. ಆಮೇಲೆ ಕೇರಿಯ ರಂಪಣಿ ಬರಿದಾಗಿ ಬರತೊಡಗಿತು.

ಜನ ಒಬ್ಬರ ಹಿಂದೊಬ್ಬರು ಬೇರೆ ತೀರಗಳಿಗೆ ಹೋದರು. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವರ ಜೊತೆ ಹೋಗುತ್ತಿದ್ದನೇನೋ, ಪಾಪ. ನಾಚಿಕೆಯಿಂದ ಅಲ್ಲೇ ಉಳಿದ. ಸಣ್ಣ ಬಲೆಯನ್ನು ಸುಟ್ಟ. ಹೋದವರನ್ನು ಕಂಡು ಬರಬೇಕೆಂದು ಆಗಾಗ ಅನ್ನಿಸುತ್ತಿತ್ತು. ಕಡಲು ಸರಿಹೋಗಲಿ, ಆಮೇಲೆ ಮುಖ ತೋರಿಸೋಣ ಎಂದುಕೊಳ್ಳುತ್ತಿದ್ದ. ಚಿಪ್ಪು ಹೆಕ್ಕಿ ತಿಂದು ಬಂಡೆಸಾಲನ್ನು ಕಾದ. ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಬಂಡೆಯಲ್ಲಿ ಪಾಚಿ ಚಿಗುರಿತು. ಒಂದು ಬೆಳಿಗ್ಗೆ ದಡದ ನೀರು ಮೀನಿನಿಂದ ಕಪ್ಪಾಗಿತ್ತು. ಮುದುಕನಾಗಿದ್ದ ಅವನು ಓಡಿಹೋಗಿ, ಚಪ್ಪರದಲ್ಲಿ ಬಿದ್ದಿದ್ದ ರಂಪಣಿಯ ಹಗ್ಗವನ್ನು ಹೆಗಲಿಗೇರಿಸಿ, ಹಳೆಯ ಅಭ್ಯಾಸದಂತೆ ಕೂಗಿದ. “ಬನ್ನಿರೋ, ಹಿಂಡು ಬಂತು!”

ಸಂಜೆಯವರೆಗೂ ಕೂಗಿದ. ಹಿಂಡು ಹೊರಟುಹೋಯಿತು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯ ತಡೆಯಲಾರದೆ ಕೇಳಿದ. “ಆದರೂ ಕಡಲು ಸರಿಹೋಯಿತಲ್ಲ, ಗುರುಗಳೇ?”

“ಹೋಯಿತಪ್ಪಾ, ಹಗ್ಗದ ಇನ್ನೊಂದು ತುದಿ ಹಿಡಿಯುವವರ ಮನೆಗೆ ಮಾತ್ರ ಅವನು ಒಮ್ಮೆಯೂ ಹೋಗಿರಲಿಲ್ಲ.”