ಬಿಳಿ ಕಿವಿಯ ಚಂದ್ರಿ

ಕೇಳಿರಿ ಮಕ್ಕಳೇ. ಬಹಳ ಕಾಲದ ಕೆಳಗೆ, ಹೊಳೆದಂಡೆಯ ಒಂದೂರಲ್ಲಿ ಬಾಳವ್ವ ಅನ್ನುವವಳಿದ್ದಳಂತೆ. ಅವಳ ಮಗಳು ನಿಂಬೆವ್ವನಿಗೆ ಗಂಡು ಗೊತ್ತಾಗಿತ್ತು. ಮಾತುಕತೆಯ ದಿನ ಗಂಡಿನ ಅಜ್ಜ ಕೇಳಿದನಂತೆ: ಹುಡುಗಿಯ ಅಜ್ಜಿಯ ತವರು ಯಾವುದು?

ಬಾಳವ್ವನಿಗೆ ಗೊತ್ತಿರಲಿಲ್ಲ. ಅವಳ ತಾಯಿ ತುಂಗವ್ವ ಐದು ವರ್ಷಕ್ಕೇ ಮದುವೆಯಾಗಿ ಬಂದವಳು. ಹಿಂದೆಯೇ ತವರೂರು ಪ್ಲೇಗಿಗೆ ಬರಿದಾಯಿತು, ಊರ ಹೆಸರು ಬಲ್ಲ ಹಿರಿಯರೂ ಉಳಿಯಲಿಲ್ಲ. ತುಂಗವ್ವನಿಗೆ ನೆನಪಿದ್ದದ್ದು ಒಂದೇ: ಮದುವೆಯ ದಿನ ಹೆಳವ ದಾನ ಪಡೆದು ತನ್ನ ಎತ್ತಿನ ಹಿಂದೆ ಕಟ್ಟಿಕೊಂಡು ಹೋದ ಬಿಳಿ ಕಿವಿಯ ಆಕಳು, ಚಂದ್ರಿ. ಬಾಳವ್ವ ಅಷ್ಟನ್ನೇ ಹೇಳಿದಳು. ಎಲ್ಲರೂ ನಕ್ಕರಂತೆ.

"ತವರೇ ಇಲ್ಲಂದ್ರ ನಿಮ್ಮವ್ವ ಏನ ಹತ್ತಿ ಗಿಡದಾಗ ಹುಟ್ಟಿದ್ಲೇನಬೇ?" ಅಂದ ಅಜ್ಜ.

"ಹತ್ತಿ ಗಿಡಕ್ಕೂ ಬಿತ್ತಿದವ್ರು ಇರ್ತಾರ್ರೀ ಅಜ್ಜಾ. ಹುಡುಕತೀನಿ," ಅಂದಳು ಬಾಳವ್ವ.

ಶೀಗಿಹುಣ್ಣಿಮೆಯ ತನಕ ಕಾಯುತ್ತೇವೆ, ಆಮೇಲೆ ಬೇರೆ ಹೆಣ್ಣು ನೋಡುತ್ತೇವೆ ಅಂದರಂತೆ ಗಂಡಿನ ಕಡೆಯವರು.

ಹೆಳವರು ಅಂದರೆ ಎತ್ತಿನ ಮೇಲೆ ಊರೂರಿಗೆ ಬಂದು ಮನೆತನಗಳ ವಂಶ ಓದಿ ಹೇಳುವವರು. ಆ ಸೀಮೆಯ ಕೊನೆಯ ಹೆಳವ ತನ್ನ ಪುಸ್ತಕಗಳನ್ನೆಲ್ಲ ಪೇಟೆಯ ಕಲ್ಲುಕಟ್ಟಡದ ಗ್ರಂಥಾಲಯಕ್ಕೆ ಕೊಟ್ಟಿದ್ದ. ಬಾಳವ್ವ ಅಲ್ಲಿಗೆ ನಡೆದಳು. ಅಲ್ಲಿ ಪುಸ್ತಕ ನೋಡಿಕೊಳ್ಳುವ ಗುರುಪಾದಪ್ಪ ಕಪಾಟು ತೋರಿಸಿದ. ನೂರಾರು ಪುಸ್ತಕ, ಬಾಳವ್ವನಿಗೋ ಓದು ಬಾರದು. ಓದಿ ಹೇಳಲು ನನಗೆ ಪುರುಸೊತ್ತಿಲ್ಲ ತಂಗಿ, ಕಲಿತು ಓದು ಅಂದನಂತೆ. ಕಾರಹುಣ್ಣಿಮೆಗೆ ಅಕ್ಷರ ಹಿಡಿದವಳು ಶ್ರಾವಣಕ್ಕೆ ಸಾಲು ಓದಿದಳಂತೆ. ಒಂದೇ ಉಸಿರಿಗೆ ಕಲಿತಳು ಅನ್ನುವವರೂ ಇದ್ದಾರೆ. ನಾನು ನಂಬುವುದಿಲ್ಲ. ಕಲಿಕೆ ಹಾಗೆ ಬರುವುದಿಲ್ಲ.

ತುಂಗವ್ವ ಅನ್ನುವ ಹೆಸರನ್ನು ಹುಡುಕಿದಳು, ಹುಡುಕಿದಳು. ಒಂದು ಹೆಣ್ಣಿನ ಹೆಸರೂ ಇಲ್ಲ! ಕೊಟ್ಟ ಹೆಣ್ಣು ಕುಲದ ಹೊರಗೆ ಎಂದು ಹೆಳವರು ಗಂಡುಮಕ್ಕಳನ್ನಷ್ಟೇ ಬರೆಯುತ್ತಿದ್ದರು. ಶೀಗಿಹುಣ್ಣಿಮೆಗೆ ಒಂಬತ್ತೇ ದಿನ ಉಳಿದಾಗ ಅವಳಿಗೆ ಹೊಳೆಯಿತಂತೆ. ಹೆಣ್ಣನ್ನು ಬರೆಯದವರು ದಾನ ಬಂದ ಆಕಳನ್ನು ಬರೆಯದೆ ಬಿಟ್ಟಿರುತ್ತಾರೆಯೇ? ಮತ್ತೆ ಮೊದಲ ಪುಸ್ತಕದಿಂದ ಶುರುಮಾಡಿದಳು, ಅವ್ವನನ್ನು ಬಿಟ್ಟು ಆಕಳನ್ನು ಹುಡುಕುತ್ತ.

ಸಿಕ್ಕಿತು. "ಹೊಂಗೇಹಾಳದ ಕಂಬಳಿಯವರ ಮನೆ. ಹೆಣ್ಣುಮಗಳನ್ನು ಹೊಳೆದಂಡೆಗೆ ಕೊಟ್ಟಾಗ ಬಂದ ದಾನ, ಬಿಳಿ ಕಿವಿಯ ಆಕಳು, ಹೆಸರು ಚಂದ್ರಿ."

ಪುಸ್ತಕ ಹೊರಗೆ ಒಯ್ಯುವಂತಿರಲಿಲ್ಲ. ಬಾಳವ್ವ ಗಂಡಿನ ಅಜ್ಜನನ್ನೇ ಮೆಟ್ಟಿಲು ಹತ್ತಿಸಿ ಕರೆತಂದು, ಬೆರಳಿಟ್ಟು ಓದಿದಳಂತೆ.

ಅಜ್ಜ ಬಗ್ಗಿ ಆ ಸಾಲು ನೋಡಿದ. "ಆಕಳ ಹೆಸರೈತಿ, ನಿಮ್ಮವ್ವನ ಹೆಸರಿಲ್ಲಲ್ಲಬೇ?"

"ಅದು ಬರೆದವರ ತಪ್ಪರೀ ಅಜ್ಜಾ, ಹುಟ್ಟಿದವಳದ್ದಲ್ಲ."

ಅಜ್ಜ ಅಲ್ಲೇ ಮದುವೆಗೆ ಒಪ್ಪಿದ. ಆದರೆ ಬಾಳವ್ವ ಅಷ್ಟಕ್ಕೇ ಏಳಲಿಲ್ಲವಂತೆ. ಅವ್ವನ ಹೆಸರು ಸೇರಿಸಲು ಹೊರಟರೆ, ಹಳೆಯ ಪುಸ್ತಕದಲ್ಲಿ ಬರೆಯಬಾರದು ಅಂದ ಗುರುಪಾದಪ್ಪ. ಅವಳು ಹೊಸದೊಂದನ್ನು ತಂದು ಅದರ ಪಕ್ಕದಲ್ಲೇ ಇಟ್ಟಳು. ಮೊದಲ ಸಾಲು: ತುಂಗವ್ವ, ಹೊಂಗೇಹಾಳದ ಮಗಳು. ಎರಡನೆಯದು ತನ್ನದು. ಮೂರನೆಯದನ್ನು ನಿಂಬೆವ್ವನ ಕೈ ಹಿಡಿದು ಬರೆಸಿದಳು.

ಇವತ್ತಿಗೂ ಆ ಸೀಮೆಯ ಹೆಣ್ಣು ಅರಿಸಿನ ಹಚ್ಚಿಸಿಕೊಳ್ಳುವ ಮೊದಲು ಗ್ರಂಥಾಲಯಕ್ಕೆ ಹೋಗಿ ಅಜ್ಜಿ, ಅವ್ವ, ತಾನು ಎಂದು ಸ್ವಂತ ಕೈಯಿಂದ ಬರೆದು ಬರುತ್ತಾಳೆ. ಬೆರಳಿಗಂಟಿದ ಮಸಿಯನ್ನು ಯಾರೂ ತೊಳೆಯಗೊಡುವುದಿಲ್ಲ. ಅದರ ಮೇಲೆಯೇ ಅರಿಸಿನ ಹಚ್ಚುತ್ತಾರೆ.