ಗೋಡೆಯ ಹೊಸ ಸುಣ್ಣ

ನದಿ ದಡದ ಆಶ್ರಮದಲ್ಲಿ ಮಕ್ಕಳಿಗೆ ಚರಿತ್ರೆ ಹೇಳಿಕೊಡುತ್ತಿದ್ದವನು ಹಿರಿಯ ಶಿಷ್ಯ ತ್ರ್ಯಂಬಕ. ವರ್ಷಕ್ಕೊಮ್ಮೆ ಆರಾಧನೆಯ ದಿನ, ಆಶ್ರಮ ಬೆಳೆದು ಬಂದ ಕಥೆಯನ್ನು ಜನರ ಮುಂದೆ ಹೇಳುತ್ತಿದ್ದವನೂ ಅವನೇ. ಅದೇ ಕಥೆ, ಅದೇ ಮಾತು. ಕೆಮ್ಮುವ ಜಾಗ ಕೂಡ ಅದೇ.

ಈ ಸಲ ಗುರುಗಳು ಮಕ್ಕಳನ್ನು ಕರೆದರು.

"ಆಶ್ರಮದ ಚರಿತ್ರೆ ನೀವೇ ಹುಡುಕಿ. ಯಾವುದರ ಚರಿತ್ರೆ, ಯಾರನ್ನು ಕೇಳಬೇಕು, ಎಲ್ಲ ನಿಮ್ಮಿಷ್ಟ. ಆರಾಧನೆಯ ದಿನ ನೀವೇ ಹೇಳಿ."

ತ್ರ್ಯಂಬಕನ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು.

"ಹಾಗಾದರೆ ನಾನು?"

"ನೀನೂ ಹುಡುಕು."

"ವಿಷಯ ಕೊಡಿ."

"ಮಕ್ಕಳಿಗೇ ಕೊಟ್ಟಿಲ್ಲ. ನಿನಗೆ ಕೊಡಲೇ?"

ಒಬ್ಬ ದೋಣಿಯ ಚರಿತ್ರೆ ಎಂದ. ಇನ್ನೊಬ್ಬಳು ಅಡುಗೆಮನೆಯ ಒಲೆ ಎಂದಳು. ಮಾದೇವಿ ಎಂಬ ಹುಡುಗಿ ಜಗಲಿಯ ಗೋಡೆ ಹಿಡಿದಳು.

ಆರಾಧನೆಯ ಹಿಂದಿನ ದಿನ ಆ ಗೋಡೆಗೆ ಸುಣ್ಣ ಬಳಿಯುವುದು ಪದ್ಧತಿ. ಮಾದೇವಿ ಅಂಗೈಯಗಲ ಜಾಗವನ್ನು ಮೆಲ್ಲಗೆ ಕೆರೆದಳು. ಬಿಳಿಯ ಕೆಳಗೆ ನೀಲಿ ಬಂತು. ನೀಲಿಯ ಕೆಳಗೆ ಮಸಿ. ಎಲ್ಲಕ್ಕಿಂತ ಕೆಳಗೆ, ಕೆಮ್ಮಣ್ಣಿನಲ್ಲಿ ಒತ್ತಿದ ಯಾವುದೋ ಮಗುವಿನ ಕೈಗುರುತು.

"ಅಜ್ಜಿ, ಈ ಮಸಿ ಯಾಕೆ ಬಂತು?" ಎಂದು ದರ್ಶನಕ್ಕೆ ಬಂದ ಮುದುಕಿಯನ್ನು ಕೇಳಿದಳು.

"ಒಂದು ಸಲ ನೆರೆ ಬಂದಿತ್ತಲ್ಲ ಮಗಾ. ಊರಿಗೆ ಊರೇ ಇಲ್ಲಿತ್ತು. ಈ ಜಗಲಿಯಲ್ಲೇ ಒಲೆ ಹೂಡಿದ್ದೆವು."

ಇದು ತ್ರ್ಯಂಬಕನ ಕಥೆಯಲ್ಲಿ ಇರಲಿಲ್ಲ.

ಮಕ್ಕಳು, ಬಂದವರು, ಹೋದವರು, ಎಲ್ಲರೂ ಗೋಡೆಯ ಮುಂದೆಯೇ. ತ್ರ್ಯಂಬಕನ ಹತ್ತಿರ ನೊಣ ಕೂಡ ಕೂರಲಿಲ್ಲ.

"ಗುರುಗಳೇ, ಗೋಡೆ ಕೆರೆಯುವುದೂ ಚರಿತ್ರೆಯೇ? ನಾಳೆ ಬಾಣಲೆಯ ತಳ ಕೆರೆಯುತ್ತಾಳೆ," ಎಂದು ಅವನು ದೂರಿದ.

"ನೀನೂ ಹೋಗಿ ನೋಡಿದೆಯಂತೆ."

"ದಾರಿಯಲ್ಲಿತ್ತು, ನೋಡಿದೆ."

"ದಿನಾ?"

ತ್ರ್ಯಂಬಕ ಎದ್ದು ಹೋದ. ಹೊಟ್ಟೆಯೊಳಗೆ ಸುಣ್ಣದ ಗೂಡು ಉರಿಯುತ್ತಿತ್ತು.

ಮರುದಿನ ಎಲ್ಲರೂ ನದಿಗೆ ಹೋಗಿದ್ದಾಗ ಅವನು ಸುಣ್ಣ ಕಲಸಿದ. ಮಾದೇವಿ ಕೆರೆದ ಜಾಗದ ಮೇಲೆ ದಪ್ಪಗೆ ಬಳಿದ. ಅನುಮಾನ ಬರದಿರಲೆಂದು ಇಡೀ ಗೋಡೆಗೂ ಬಳಿದ.

ಮಾದೇವಿ ಬಂದು ನೋಡಿದಳು. ಅತ್ತಿದ್ದರೆ ಅವನಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಅಳಲಿಲ್ಲ. ಹಸಿ ಸುಣ್ಣವನ್ನು ಬೆರಳಿನಿಂದ ಮುಟ್ಟಿದಳು.

"ಹೊಸ ಪದರ," ಎಂದಳು.

ಆಮೇಲೆ ಕೇಳುತ್ತಾ ಹೊರಟಳು. ಅಡುಗೆಯವರನ್ನು ಕೇಳಿದಳು. ದೋಣಿಯವನನ್ನು ಕೇಳಿದಳು. ಕೊನೆಗೆ ತ್ರ್ಯಂಬಕನ ಮುಂದೆ ಬಂದು ನಿಂತಳು.

"ಅಣ್ಣಾ, ಆರಾಧನೆಗೆ ಇನ್ನೂ ದಿನ ಇದೆ. ಇಷ್ಟು ಬೇಗ ಸುಣ್ಣ ಬಳಿದವರು ಯಾರು? ಯಾಕೆ ಬಳಿದರು? ನಿಮಗೇನಾದರೂ ಗೊತ್ತಾ? ಜನರ ಮುಂದೆ ಹೇಳಬೇಕು."

ತ್ರ್ಯಂಬಕ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡ. ಬೆರಳುಗಳು ಸುಣ್ಣಕ್ಕೆ ಸುಟ್ಟು ಉರಿಯುತ್ತಿದ್ದವು.

ನೇರ ಗುರುಗಳ ಹತ್ತಿರ ಹೋದ.

"ಆ ಹುಡುಗಿಗೆ ಬೇರೆ ವಿಷಯ ಕೊಡಿ. ಇದೊಂದು ಸಲ, ನನಗಾಗಿ."

ಗುರುಗಳು ಅವನ ಕಿವಿಯ ಹಿಂದೆ ಒಣಗಿದ್ದ ಸುಣ್ಣವನ್ನು ಉಗುರಿನಿಂದ ಮೆಲ್ಲಗೆ ಕೆರೆದು ತೆಗೆದರು.

"ವಿಷಯ ಅವಳದು, ತ್ರ್ಯಂಬಕ. ಉತ್ತರ ನಿನ್ನ ಹತ್ತಿರ ಇದೆ."